ಪೆಡಲಿಗಿಂತ ಮೊದಲು ನೆಲ

ಸೈಕಲ್ಲಿನಲ್ಲಿ ಆಫೀಸಿಗೆ ಹೋಗಿಬರುವುದು ರೂಢಿಯಾದವರು ಸ್ವಲ್ಪ ಕಾಲದ ಮೇಲೆ ಕ್ಲಿಪ್‌ಲೆಸ್ ಪೆಡಲಿನ ಮಾತೆತ್ತುತ್ತಾರೆ. ಯಾವ ಕಂಪನಿಯದು ಒಳ್ಳೆಯದು, ಎಷ್ಟು ಗ್ರಾಂ ತೂಗುತ್ತದೆ, ಶೂ ಸೇರಿ ಎಷ್ಟಾಗುತ್ತದೆ ಎಂದು ಕೇಳುತ್ತಾರೆ. ನಾನು ತಿರುಗಿ ಕೇಳುವುದೇ ಬೇರೆ. ನಿಮ್ಮ ಆಫೀಸಿನ ಲಾಬಿಗೆ ಯಾವ ಕಲ್ಲು ಹಾಸಿದ್ದಾರೆ? ಸೈಕಲ್ ನಿಲ್ಲಿಸುವುದು ಯಾವ ಬೇಸ್‌ಮೆಂಟಿನಲ್ಲಿ? ಅಲ್ಲಿಂದ ಲಿಫ್ಟಿಗೆ ಎಷ್ಟು ದೂರ ನಡೆಯಬೇಕು? ದಾರಿಯಲ್ಲಿ ಕಾಲು ಊರಲೇಬೇಕಾದ ಜಾಗ ಎಷ್ಟಿವೆ? ತಮಾಷೆ ಮಾಡುತ್ತಿದ್ದೇನೆ ಎಂದುಕೊಳ್ಳುತ್ತಾರೆ. ಆದರೆ ದಿನನಿತ್ಯದ ಓಡಾಟಕ್ಕೆ ಶೂ ಆರಿಸುವಾಗ, ಅದು ಪೆಡಲಿನ ಮೇಲೆ ಇರುವ ಹೊತ್ತಿಗಿಂತ ನೆಲದ ಮೇಲೆ ಇರುವ ಹೊತ್ತನ್ನು ಮೊದಲು ಲೆಕ್ಕ ಹಾಕಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನನ್ನ ದಾರಿ ಬೆಂಗಳೂರಿನ ಜಯನಗರದಿಂದ ಬೆಳ್ಳಂದೂರಿನ ಕಡೆಗೆ. ರಾಗಿಗುಡ್ಡ, ಜಯದೇವ, ಬಿಟಿಎಂ, ಸಿಲ್ಕ್ ಬೋರ್ಡ್, ಅಲ್ಲಿಂದ ಹೊರವರ್ತುಲ ರಸ್ತೆ. ಬೆಳಿಗ್ಗೆ ಏಳಕ್ಕೆ ಹೊರಟರೆ ಇದು ಸೈಕಲ್ ಸವಾರಿ. ಒಂಬತ್ತಕ್ಕೆ ಹೊರಟರೆ ನಿಂತು ಹೊರಡುವುದು, ಹೊರಟು ನಿಲ್ಲುವುದು, ಅಷ್ಟೆ. 2020ರಲ್ಲಿ ಹೊರವರ್ತುಲ ರಸ್ತೆಯ ಅಂಚಿನಲ್ಲಿ ಕಂಬ ನೆಟ್ಟು ಸೈಕಲ್ಲಿಗೆಂದೇ ಪಥ ಮಾಡಿದ್ದರು. ಬೈಕಿನವರು ನುಗ್ಗುತ್ತಿದ್ದರು ನಿಜ, ಆದರೂ ಸಿಲ್ಕ್ ಬೋರ್ಡ್ ದಾಟಿದ ಮೇಲೆ ಪೆಡಲಿನಿಂದ ಪಾದ ಕಳಚುವ ಪ್ರಮೇಯ ಎಷ್ಟೋ ಕಡಿಮೆ ಇತ್ತು. ಆಮೇಲೆ ಮೆಟ್ರೊ ಕಾಮಗಾರಿ ಬಂತು, ಪಥ ಹೋಯಿತು, ಪಾದ ಮತ್ತೆ ನೆಲಕ್ಕೆ ಬಂತು. ಯಾವ ಪೆಡಲು ಬೇಕು ಎನ್ನುವುದನ್ನು ಅರ್ಧ ನಾವು ತೀರ್ಮಾನಿಸಿದರೆ ಇನ್ನರ್ಧವನ್ನು ಹೀಗೆ ರಸ್ತೆಯೇ ತೀರ್ಮಾನಿಸುತ್ತದೆ.

ಕ್ಲಿಪ್‌ಲೆಸ್ ಪೆಡಲು ಬಳಸದವರಿಗಾಗಿ ಸ್ವಲ್ಪ ವಿವರ. ಶೂನ ಅಡಿಯಲ್ಲಿ, ಹೆಬ್ಬೆರಳಿನ ಬುಡದ ಗೆಣ್ಣಿನ ಹತ್ತಿರ, ಕ್ಲೀಟ್ ಎಂಬ ಚಿಕ್ಕ ತುಂಡನ್ನು ಬೋಲ್ಟಿನಿಂದ ಬಿಗಿದಿರುತ್ತಾರೆ. ಅದರ ಮುಂತುದಿಯನ್ನು ಪೆಡಲಿನ ಕೊಕ್ಕೆಗೆ ಸಿಕ್ಕಿಸಿ ಪಾದ ಒತ್ತಿದರೆ ಹಿಂದಿನ ಸ್ಪ್ರಿಂಗು ‘ಟಕ್’ ಎಂದು ಕಚ್ಚಿಕೊಳ್ಳುತ್ತದೆ. ಬಿಡಿಸಿಕೊಳ್ಳಲು ಪಾದವನ್ನು ಮೇಲಕ್ಕೆತ್ತಿದರೆ ಆಗದು, ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಬೇಕು. ಹಳೇ ಮನೆಯ ಬಾಗಿಲಿನ ಅಗುಳಿ ಸರಿಸಿದ ಹಾಗೆ. ಹುಟ್ಟಿನಿಂದ ನಮಗೆ ಕಾಲನ್ನು ಎತ್ತಿಯೇ ಅಭ್ಯಾಸ, ಪಕ್ಕಕ್ಕೆ ತಿರುಗಿಸಿ ಅಲ್ಲ. ಹೊಸಬರು ವೇಗದಲ್ಲಿ ಬೀಳುವುದಕ್ಕಿಂತ ಸಿಗ್ನಲಿನಲ್ಲಿ ನಿಂತಲ್ಲೇ, ಎಲ್ಲರ ಕಣ್ಣೆದುರು, ನಿಧಾನವಾಗಿ ಪಕ್ಕಕ್ಕೆ ವಾಲಿ ಬೀಳುವುದೇ ಹೆಚ್ಚು. ಅದಕ್ಕೆ ಕಾರಣ ಇದೇ.

ಇದರಿಂದ ಲಾಭವೇನು? ಅಂಗಡಿಯವರು ಹೇಳುವುದು, ಕಾಲು ಮೇಲೆ ಬರುವಾಗಲೂ ಪೆಡಲನ್ನು ಎಳೆಯಬಹುದು, ಹಾಗಾಗಿ ವೇಗ ಹೆಚ್ಚುತ್ತದೆ ಎಂದು. ಇದನ್ನು ನಾನು ನಂಬುವುದು ಬಿಟ್ಟಿದ್ದೇನೆ. 2008ರಲ್ಲಿ ಮೋರ್ನಿಯೊ ಮತ್ತು ಸಂಗಡಿಗರು ಸಾದಾ ಪೆಡಲು, ಕ್ಲಿಪ್‌ಲೆಸ್ ಪೆಡಲು ಎರಡನ್ನೂ ಪ್ರಯೋಗಾಲಯದಲ್ಲಿ ಹೋಲಿಸಿದ್ದರು. ಪೂರ್ತಿ ದಮ್ಮು ಕಟ್ಟದೆ ತುಳಿಯುವಾಗ, ಪೆಡಲಿನ ಜಾತಿ ಬದಲಾದ ಮಾತ್ರಕ್ಕೆ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಹೇಳಿಕೊಳ್ಳುವಂಥ ಉಳಿತಾಯ ಕಾಣಲಿಲ್ಲ. ಬೇಕೆಂದೇ ಮೇಲಕ್ಕೆಳೆದು ತುಳಿದಾಗ ದಕ್ಷತೆ ಇನ್ನೂ ಇಳಿಯಿತು. ಆಫೀಸಿಗೆ ಹೋಗುವವರು ತುಳಿಯುವುದು ಈ ದಮ್ಮು ಕಟ್ಟದ ರೀತಿಯಲ್ಲೇ. ಹಾಗಾಗಿ ಹೊಸ ಪೆಡಲು ಹಾಕಿದರೆ ಮೀಟಿಂಗಿಗೆ ಹತ್ತು ನಿಮಿಷ ಮೊದಲೇ ತಲುಪಬಹುದೆಂಬ ಆಸೆ ಇಟ್ಟುಕೊಳ್ಳಬೇಡಿ.

ನನಗೆ ಸಿಕ್ಕ ಲಾಭ ಬೇರೆ. ಮಳೆಯಲ್ಲಿ ಪಾದ ಜಾರುವುದಿಲ್ಲ. ಬಣ್ಣ ಮಾಸಿ ಕಾಣದಂತಾದ ಹಂಪು ಎದುರಾದಾಗ, ಗುಂಡಿಯಲ್ಲಿ ಚಕ್ರ ಧಡ್ ಎಂದು ಇಳಿದಾಗ, ಪಾದ ಪೆಡಲಿನಿಂದ ಹಾರಿ ಮೀನಖಂಡಕ್ಕೆ ಪೆಟ್ಟಾಗುವುದಿಲ್ಲ. ಸೀಟಿನಿಂದ ಸ್ವಲ್ಪ ಎದ್ದು ಹಿಂದಿನ ಚಕ್ರವನ್ನು ಹಗುರ ಮಾಡಿ ದಾಟಿಸಿಬಿಡಬಹುದು. ಪಾದ ಪ್ರತಿದಿನ ಒಂದೇ ಜಾಗದಲ್ಲಿ ಕೂರುವುದರಿಂದ ಮಂಡಿಗೂ ನೆಮ್ಮದಿ. ಮೆತ್ತನೆಯ ಓಡುವ ಶೂನಲ್ಲಿ ದೂರ ತುಳಿದರೆ ಪೆಡಲು ಅಂಗಾಲನ್ನು ಒತ್ತಿ ಜೋಮು ಹಿಡಿಸುತ್ತದೆ. ಗಟ್ಟಿ ಅಟ್ಟೆಯ ಶೂನಲ್ಲಿ ಆ ಒತ್ತಡ ಹರಡಿಕೊಳ್ಳುತ್ತದೆ. ಇಷ್ಟು ಸಾಕು ನನಗೆ.

ಇಷ್ಟು ಸಾಕೆಂದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಈ ಊರಿನಲ್ಲಿ ನಿಜವಾಗಿ ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುವವರು ಬಹುಪಾಲು ಹವಾಯಿ ಚಪ್ಪಲಿಯವರು: ರಾತ್ರಿ ಪಾಳಿ ಮುಗಿಸಿದ ಸೆಕ್ಯುರಿಟಿಯವರು, ಪೇಪರ್ ಹಾಕುವ ಹುಡುಗರು, ಎಳನೀರು ಹೇರಿಕೊಂಡು ತಳ್ಳುತ್ತ ಬರುವವರು. ಅವರಿಗೆ ಬೇಡದ್ದು ನನಗೇಕೆ? ನೋಡಿದರೆ ಅವರ ಸೈಕಲ್ಲಿನ ಲೆಕ್ಕವೇ ಬೇರೆ. ಸೀಟು ತಗ್ಗು, ಪೆಡಲಿಗೆ ಅಗಲವಾದ ರಬ್ಬರು, ಹಿಡಿತವಿರುವ ವೇಗ, ಎರಡೂ ಕಾಲು ಸಲೀಸಾಗಿ ನೆಲ ಮುಟ್ಟುತ್ತವೆ. ಐದಾರು ಕಿಲೋಮೀಟರಿನ, ಸಿಗ್ನಲ್ಲುಗಳೇ ತುಂಬಿರುವ ದಾರಿಗೆ ಅದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ನಿಮ್ಮ ದಾರಿಯೂ ಅಂಥದ್ದೇ ಆಗಿದ್ದರೆ, ಚಿಕ್ಕ ಮೊಳೆಗಳಿರುವ ಅಗಲ ಫ್ಲಾಟ್ ಪೆಡಲು, ರಬ್ಬರ್ ಅಟ್ಟೆಯ ಶೂ, ಇಷ್ಟಕ್ಕೇ ನಿಲ್ಲಿಸಿ. ದುಡ್ಡೂ ಉಳಿಯಿತು. ಆ ಮೊಳೆ ಮಾತ್ರ ಮೊಣಕಾಲಿನ ಕೆಳಗಿನ ಮೂಳೆಗೆ ತಾಗದಂತೆ ನೋಡಿಕೊಳ್ಳಬೇಕು. ಗೀರಿದರೆ ಗುರುತು ಬೇಗ ಹೋಗುವುದಿಲ್ಲ.

ಅದಕ್ಕಿಂತ ದೂರದವರು ನೋಡಬೇಕಾದ್ದು ಎರಡು ವಂಶಗಳನ್ನು. ಮೊದಲನೆಯದು ರೇಸಿನವರ ವಂಶ. ಹಿಮದ ಮೇಲೆ ಜಾರುವ ಸ್ಕೀಗೆ ಬೂಟನ್ನು ಕಚ್ಚಿಸುವ ಸಾಧನ ಮಾಡುತ್ತಿದ್ದ ಫ್ರಾನ್ಸಿನ ಲುಕ್ ಕಂಪನಿ 1984ರಲ್ಲಿ ಅದೇ ಉಪಾಯವನ್ನು ಪೆಡಲಿಗೆ ತಂದಿತು. ಮರುವರ್ಷವೇ ಬರ್ನಾರ್ ಇನೊ ಆ ಪೆಡಲು ತುಳಿದು ಟೂರ್ ದ ಫ್ರಾನ್ಸ್ ಗೆದ್ದ. ಅಲ್ಲಿಯವರೆಗೆ ಪಾದವನ್ನು ತೊಗಲಿನ ಪಟ್ಟಿಯಿಂದ ಪೆಡಲಿಗೆ ಕಟ್ಟಿಕೊಳ್ಳುತ್ತಿದ್ದವರು ಕೆಲವೇ ವರ್ಷಗಳಲ್ಲಿ ಅದನ್ನು ಬಿಟ್ಟರು. ಈ ವಂಶದ ಕ್ಲೀಟಿಗೆ ಮೂರು ಬೋಲ್ಟು, ದೊಡ್ಡ ಪ್ಲಾಸ್ಟಿಕ್ ತ್ರಿಕೋನ, ಅಟ್ಟೆಯಿಂದ ಹೊರಗೆ ಚಾಚಿಕೊಂಡಿರುತ್ತದೆ. ಟೂರ್ ದ ಫ್ರಾನ್ಸಿನವರಿಗೆ ಸಿಗ್ನಲ್ಲಿಲ್ಲ, ಲಿಫ್ಟಿಲ್ಲ, ಕ್ಯಾಂಟೀನಿಲ್ಲ. ಶೂ ಹಾಕಿಕೊಂಡು ಅವರು ನಡೆಯುವುದು ಬಸ್ಸಿನಿಂದ ಸೈಕಲ್ಲಿನವರೆಗೆ.

ಎರಡನೆಯದು ಗುಡ್ಡ ಹತ್ತುವವರ ವಂಶ. ಜಪಾನಿನ ಶಿಮಾನೊ 1990ರಲ್ಲಿ ಎಸ್‌ಪಿಡಿ ಎಂಬ ಪೆಡಲು ತಂದಿತು. ಮೌಂಟನ್ ಬೈಕಿನವರು ಕಲ್ಲು ಬಂದರೆ ಇಳಿಯಬೇಕು, ಕೆಸರಿನಲ್ಲಿ ಸೈಕಲ್ ತಳ್ಳಬೇಕು, ಮತ್ತೆ ಹತ್ತಬೇಕು. ಆದ್ದರಿಂದ ಕ್ಲೀಟು ಚಿಕ್ಕದು, ಉಕ್ಕಿನದು, ಎರಡೇ ಬೋಲ್ಟು, ಅಟ್ಟೆಯ ರಬ್ಬರಿನ ನಡುವಿನ ತಗ್ಗಿನಲ್ಲಿ ಅಡಗಿ ಕೂರುತ್ತದೆ. ಇಳಿಯುವುದು, ತಳ್ಳುವುದು, ನಡೆಯುವುದು, ಮತ್ತೆ ಹತ್ತುವುದು: ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಾವು ಮಾಡುವುದು ಇನ್ನೇನು? ಆಫೀಸಿಗೆ ಹೋಗುವ ಸೈಕಲ್ಲಿನವನಿಗೆ ದಾಯಾದಿ ಯಾರೆಂದರೆ ಈ ಗುಡ್ಡದವನೇ, ರೇಸಿನವನಲ್ಲ. ಅಂಗಡಿಯ ಗಾಜಿನ ಕಪಾಟಿನಲ್ಲಿ ಹೊಳೆಯುವುದು ಮಾತ್ರ ರೇಸಿನವನ ಶೂ.

ನಮ್ಮ ಆಫೀಸಿನಲ್ಲಿ ಒಬ್ಬರು ಆ ಮೂರು ಬೋಲ್ಟಿನ ಶೂ ಹಾಕಿಕೊಂಡು ಬರುತ್ತಿದ್ದರು. ವಾರಾಂತ್ಯದಲ್ಲಿ ನಂದಿಬೆಟ್ಟ ಹತ್ತುವ ಗಟ್ಟಿಗರು, ಅವರ ತುಳಿತದ ಬಗ್ಗೆ ನನಗೇನೂ ತಕರಾರಿಲ್ಲ. ಆದರೆ ಜೂನ್ ತಿಂಗಳ ಬೆಳಿಗ್ಗೆ, ಒದ್ದೆ ಕಾಲುಗಳು ಓಡಾಡಿದ ಪಾಲಿಶ್ ಗ್ರಾನೈಟ್ ಮೇಲೆ ಅವರು ನಡೆಯುವುದನ್ನು ನೋಡಬೇಕಿತ್ತು. ಹಿಮ್ಮಡಿ ಊರಿ, ಮುಂಗಾಲು ಎತ್ತಿ, ಗೋಡೆ ಸವರಿಕೊಂಡು. ಸೆಕ್ಯುರಿಟಿಯವರು ದಿನಾ ಕುರ್ಚಿ ಬಿಟ್ಟೆದ್ದು, “ನಿಧಾನ ಸಾರ್, ನಿಧಾನ” ಎನ್ನುತ್ತಿದ್ದರು. ಆ ಪ್ಲಾಸ್ಟಿಕ್ ಕ್ಲೀಟಿಗೆ ಹೊದಿಸುವ ರಬ್ಬರ್ ಕವರು ಸಿಗುತ್ತದೆ. ಆದರೆ ಬೇಸ್‌ಮೆಂಟಿನ ಮೂಲೆಯಲ್ಲಿ ಒಂಟಿ ಕಾಲಿನ ಮೇಲೆ ನಿಂತು ದಿನಕ್ಕೆರಡು ಸಲ ಅದನ್ನು ಹಾಕಿ ತೆಗೆಯುವ ತಾಳ್ಮೆ ಯಾರಿಗಿದೆ? ಕಾಂಕ್ರೀಟಿನ ಮೇಲೆ ನಡೆದು ಕ್ಲೀಟು ಸವೆದಂತೆ ಕಚ್ಚುವುದೂ ಬಿಡುವುದೂ ಹದ ತಪ್ಪುತ್ತವೆ.

ಎರಡು ಬೋಲ್ಟಿನ ಶೂ ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಅಂಗಡಿಯಲ್ಲಿ ಕ್ಲೀಟು ಹಾಕಿಸಿಕೊಂಡೇ ಗಟ್ಟಿ ನೆಲದ ಮೇಲೆ ಹತ್ತು ಹೆಜ್ಜೆ ನಡೆದು ಕಿವಿಗೊಡಬೇಕು. ಕಟಕಟ ಸದ್ದು ಬಂದರೆ ತಗ್ಗು ಸಾಲದು, ಉಕ್ಕು ನೆಲಕ್ಕೆ ತಾಗುತ್ತಿದೆ ಎಂದರ್ಥ. ಸದ್ದು ಬೇಸರದ ಸಂಗತಿ. ಒದ್ದೆ ಟೈಲ್ಸ್ ಮೇಲೆ ಉಕ್ಕು ಜಾರುತ್ತದೆ ಎನ್ನುವುದು ಅಪಾಯದ ಸಂಗತಿ. ಅಟ್ಟೆ ಪೂರ್ತಿ ಮರದ ಹಲಗೆಯಂತಿರುವುದೂ ಬೇಡ, ಬೆರಳಿನ ಬಳಿ ಸ್ವಲ್ಪ ಮಣಿಯಲಿ. ಮೆಟ್ಟಿಲು ಹತ್ತುವಾಗ ಅದರ ಬೆಲೆ ಗೊತ್ತಾಗುತ್ತದೆ. ಲೇಸಿನ ಶೂ ಆದರೆ ತುದಿಯನ್ನು ಒಳಗೆ ಸಿಕ್ಕಿಸಲು ಪಟ್ಟಿಯಿದೆಯೇ ನೋಡಿ. ಬಲಗಾಲಿನ ಲೇಸು ಚೈನಿಗೆ ಸಿಕ್ಕಿಕೊಂಡು ಸುತ್ತಿದರೆ ಪಾದ ಪೆಡಲಿಗೆ ಎರಡು ಸಲ ಕಟ್ಟಿದಂತೆ.

ಅಳತೆಯ ವಿಷಯದಲ್ಲಿ ನಮ್ಮ ಪಾದಕ್ಕೂ ಯುರೋಪಿನ ಅಚ್ಚಿಗೂ ಅಷ್ಟಕ್ಕಷ್ಟೆ. ಚಪ್ಪಲಿಯಲ್ಲೂ ಬರಿಗಾಲಲ್ಲೂ ಬೆಳೆದ ಪಾದ ಮುಂದೆ ಅಗಲ. ಉದ್ದಕ್ಕೆ ಸರಿಹೋದ ಶೂ ಕಿರುಬೆರಳನ್ನು ಹಿಂಡುತ್ತದೆ. ಕೆಲವು ಮಾದರಿಗಳು ಅಗಲ ಪಾದಕ್ಕೆಂದೇ ಬರುತ್ತವೆ, ಕೇಳಿ ತೆಗೆದುಕೊಳ್ಳಿ. ಅಂಗಡಿಗೆ ಹೋಗುವುದು ಸಂಜೆ ಹೊತ್ತಾಗಿರಲಿ. ದಿನವಿಡೀ ಓಡಾಡಿದ ಪಾದ ಸ್ವಲ್ಪ ಊದಿರುತ್ತದೆ, ಸಂಜೆ ಸವಾರಿಯಲ್ಲಿ ಇರುವುದೂ ಅದೇ ಪಾದ.

ಇನ್ನು ಮಳೆ. ನೀರು ಒಳಗೆ ಬರದ ವಾಟರ್‌ಪ್ರೂಫ್ ಶೂ ಎಂದು ಮಾರುತ್ತಾರೆ. ಯುರೋಪಿನ ಸೋನೆಗೆ ಅದು ಸರಿಯಿರಬಹುದು. ಬೆಂಗಳೂರಿನ ಸಂಜೆ ಮಳೆ ಬರುವುದು ಮೇಲಿನಿಂದ ಸುರಿದಂತೆ. ನೀರು ಕಾಲಿನ ಮೇಲೆ ಹರಿದು ಕಾಲುಚೀಲದ ಮೂಲಕ ಇಳಿದು ಶೂ ತುಂಬುತ್ತದೆ. ಆಮೇಲೆ ಒಳಗಿನ ನೀರು ಹೊರಗೆ ಹೋಗದಂತೆ ನೋಡಿಕೊಳ್ಳುವುದೂ ಅದೇ ವಾಟರ್‌ಪ್ರೂಫ್. ಜಾಲರಿಯ ಮೇಲ್ಮೈ ಇರುವ ಸಾದಾ ಶೂ ಆದರೆ ಒದ್ದೆಯೂ ಬೇಗ, ಬಸಿಯುವುದೂ ಬೇಗ. ಮನೆಗೆ ಬಂದ ತಕ್ಷಣ ಒಳ ಅಟ್ಟೆ ಕಿತ್ತಿಟ್ಟು, ಹಳೇ ಪೇಪರ್ ತುರುಕಿ, ಮಲಗುವ ಮುಂಚೆ ಪೇಪರ್ ಬದಲಿಸಿದರೆ ಬೆಳಿಗ್ಗೆಗೆ ಹಾಕಿಕೊಳ್ಳುವಂತಾಗುತ್ತದೆ. ಶಿಮಾನೊದವರು ಕ್ಲೀಟು ಕೂರುವ ಸ್ಯಾಂಡಲ್ಲನ್ನೂ ಮಾಡುತ್ತಾರೆ. ನೋಡಲು ವಿಚಿತ್ರ, ಆದರೆ ನಮ್ಮ ಜುಲೈ ತಿಂಗಳಿಗೆ ಅದಕ್ಕಿಂತ ಸೂಕ್ತವಾದುದನ್ನು ನಾನು ಕಂಡಿಲ್ಲ. ಆಫೀಸ್ ಡ್ರಾಯರಿನಲ್ಲಿ ಒಂದು ಜೊತೆ ಕರಿ ಶೂ ಹೇಗೂ ಇದ್ದೇ ಇರುತ್ತದೆ.

ಶೂ ನಿಶ್ಚಯವಾದ ಮೇಲೆ ಪೆಡಲು ಹೆಚ್ಚು ತಲೆ ತಿನ್ನುವುದಿಲ್ಲ. ಎರಡು ಮುಖದಲ್ಲೂ ಕಚ್ಚುವ ಶಿಮಾನೊ ಎಂ520ಯಂಥದ್ದು ಒಂದು ಜೊತೆಗೆ ಸುಮಾರು 380 ಗ್ರಾಂ ತೂಗುತ್ತದೆ, ಕಡಿಮೆ ಬೆಲೆಯದು, ವರ್ಷಗಟ್ಟಲೆ ಕೆಡುವುದಿಲ್ಲ. ಅದರ ಅನುಕೂಲ ಹಸಿರು ದೀಪ ಬಂದಾಗ ತಿಳಿಯುತ್ತದೆ: ಯಾವ ಮುಖ ಮೇಲೆ ಬಂದರೂ ಸರಿ, ಕೆಳಗೆ ನೋಡದೆ ಒತ್ತಿ ಹೊರಡಬಹುದು. ಒಂದು ಮುಖ ಫ್ಲಾಟ್, ಇನ್ನೊಂದು ಮುಖ ಎಸ್‌ಪಿಡಿ ಇರುವ ಇಎಚ್500ನಂಥ ಪೆಡಲಿನಲ್ಲಿ ಸರಿಯಾದ ಮುಖ ಸಿಗುವತನಕ ಕಾಲಲ್ಲಿ ತಡಕಬೇಕು. ಹಿಂದಿನ ಆಟೋದವರು ಅಷ್ಟು ಹೊತ್ತು ಹಾರ್ನ್ ಒತ್ತದೆ ಇರುವುದಿಲ್ಲ. ಹಾಗಿದ್ದೂ ನನ್ನ ಸೈಕಲ್ಲಿಗೆ ಇರುವುದು ಈ ಎರಡನೇ ಜಾತಿಯದೇ. ಕಾರಣ ಸರಳ. ಸೈಕಲ್ ನನ್ನೊಬ್ಬನದಲ್ಲ. “ಮೊಸರು ಮುಗಿದಿದೆ, ಹಾಗೇ ಒಂದು ಕಟ್ಟು ಕೊತ್ತಂಬರಿನೂ ತಂದುಬಿಡಿ” ಎಂದು ಅಡುಗೆಮನೆಯಿಂದ ಕೂಗು ಬಂದಾಗ ನಾನು ಹೊರಡುವುದು ಹವಾಯಿ ಚಪ್ಪಲಿಯಲ್ಲಿ. ಮಗನೂ ಅದರಲ್ಲೇ ಗ್ರೌಂಡಿಗೆ ಹೋಗುತ್ತಾನೆ. ಬರೀ ಕೊಕ್ಕೆಯಿರುವ ಪೆಡಲನ್ನು ಚಪ್ಪಲಿಯಲ್ಲಿ ತುಳಿದು ನೋಡಿ, ಅಂಗಾಲು ಸಾಕಪ್ಪಾ ಎನ್ನುತ್ತದೆ. ಮುಖ್ಯರಸ್ತೆ ಸೇರುವ ಮೊದಲಿನ ಸಂದಿಗೊಂದಿಗಳಲ್ಲಿ, ಜಾಮ್ ಆದ ಸಿಲ್ಕ್ ಬೋರ್ಡಿನಲ್ಲಿ ಫ್ಲಾಟ್ ಮುಖ ತುಳಿಯುತ್ತೇನೆ. ರಸ್ತೆ ಬಿಚ್ಚಿಕೊಂಡ ಮೇಲೆ ಕಚ್ಚಿಸುತ್ತೇನೆ. ನಿಮ್ಮದು ಬೇರೆಯವರು ಮುಟ್ಟದ ಸೈಕಲ್ಲಾದರೆ ಎರಡೂ ಮುಖದ್ದೇ ಲೇಸು.

ಪೆಡಲಿನ ಡಬ್ಬದಲ್ಲಿ ಬರುವ ಕ್ಲೀಟು ಯಾವುದೆಂದು ನೋಡದೆ ಬಿಡಬೇಡಿ. ಸಾಮಾನ್ಯವಾಗಿ ಸಿಗುವ ಎಸ್‌ಎಚ್51 ಪಕ್ಕಕ್ಕೆ ತಿರುಗಿಸಿದರೆ ಮಾತ್ರ ಬಿಡುತ್ತದೆ. ಎಸ್‌ಎಚ್56 ಎಂಬುದು ಹಲವು ದಿಕ್ಕಿಗೆ ಬಿಡುತ್ತದೆ. ಗಾಬರಿಯಲ್ಲಿ ಪಾದವನ್ನು ಜೋರಾಗಿ ಮೇಲಕ್ಕೆ ಕಿತ್ತರೂ ಕಳಚಿಕೊಳ್ಳುತ್ತದೆ. ನಾಯಿ ಅಡ್ಡ ಬಂದಾಗ, ಕಾರಿನ ಬಾಗಿಲು ತೆರೆದಾಗ, ದೇಹ ಮಾಡುವುದು ಕಿತ್ತುಕೊಳ್ಳುವುದನ್ನೇ. ಕಲಿತ ತಿರುವು ಆಗ ನೆನಪಾಗುವುದಿಲ್ಲ. ನಗರಕ್ಕೆ ಈ ಎರಡನೆಯದೇ ಸರಿ. ಸೀಟಿನಿಂದೆದ್ದು ದಬಾಯಿಸುವಾಗ ಬಿಟ್ಟುಹೋಗಬಹುದು ಎಂದು ರೇಸಿನವರು ಮೂಗು ಮುರಿಯುತ್ತಾರೆ, ಮುರಿಯಲಿ. ಕಚ್ಚುವ ಬಿಗಿಯನ್ನೂ 3 ಮಿಲಿಮೀಟರ್ ಅಲೆನ್ ಕೀಯಿಂದ ಪೂರ್ತಿ ಸಡಿಲಕ್ಕೆ ತಂದುಕೊಂಡು ಶುರುಮಾಡಿ. ಎರಡು ಮುಖದ ಪೆಡಲಾದರೆ ತಿರುಗಿಸಬೇಕಾದ ಸ್ಕ್ರೂ ನಾಲ್ಕು. ಒಂದು ಮುಖ ಸಡಿಲ, ಇನ್ನೊಂದು ಬಿಗಿ ಉಳಿದರೆ ಪಾದಕ್ಕೆ ಗೊಂದಲ.

ಕಲಿಯುವುದಕ್ಕೆ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಕಂಬ ಸಾಕು. ಕಂಬಕ್ಕೆ ಒಂದು ಕೈ ಆನಿಸಿಕೊಂಡು, ಕೂತಲ್ಲೇ ಕಚ್ಚಿಸುವುದು, ಬಿಡಿಸುವುದು, ಬೇಸರ ಬರುವವರೆಗೆ. ರಸ್ತೆಗಿಳಿದ ಮೇಲೆ ಒಂದೇ ನಿಯಮ: ನಿಲ್ಲಬೇಕಾದೀತು ಎನ್ನಿಸಿದ ಕ್ಷಣವೇ ಬಿಡಿಸಿ, ನಿಂತ ಮೇಲೆ ಅಲ್ಲ. ಪೆಡಲು ಕೆಳಗೆ ಬಂದಾಗ ಹಿಮ್ಮಡಿ ಹೊರಕ್ಕೆ. ಸಿಗ್ನಲಿನ ಕೆಂಪು ಅಂಕಿ ದೂರದಿಂದಲೇ ಕಾಣುತ್ತದೆ, ಅದು ಸುಲಭ. ಮುಂದಿನ ಬಸ್ಸು ಎಡಕ್ಕೆ ವಾಲಿತೆಂದರೆ, ಆಟೋದವರ ತಲೆ ಹೊರಕ್ಕೆ ಬಂದು ಸವಾರಿ ಹುಡುಕತೊಡಗಿತೆಂದರೆ ಆಗಲೂ ಬಿಡಿಸಬೇಕು. ಇಂಡಿಕೇಟರ್ ಕಾಯುತ್ತ ಕೂತರೆ ಕೆಲಸ ಕೆಟ್ಟಿತು.

ಬಿಡಿಸುವುದು ಎಡಗಾಲು. ನಮ್ಮ ಸಂಚಾರ ಎಡಬದಿಯಲ್ಲಿ, ಫುಟ್‌ಪಾತಿನ ಅಂಚು ಎಡಕ್ಕೆ, ನೀರು ಹರಿಯಲೆಂದು ರಸ್ತೆ ಇಳಿಜಾರಾಗಿರುವುದೂ ಎಡಕ್ಕೆ. ಬಲಗಾಲು ಊರಲು ಹೋಗಿ ಆ ಬದಿಗೆ ವಾಲಿದರೆ ಬೀಳುವುದು ವಾಹನಗಳ ನಡುವೆ. ಅಮೆರಿಕದಲ್ಲಿರುವ ನನ್ನ ಭಾವಮೈದ ಬಲಗಾಲು ಊರುತ್ತಾನೆ, ಅವನ ದೇಶಕ್ಕೆ ಅದು ಸರಿ. ರಜೆಗೆ ಬಂದಾಗ ನನ್ನ ಸೈಕಲ್ ಕೊಟ್ಟು ಕಳಿಸುವ ಮುಂಚೆ ಫ್ಲಾಟ್ ಮುಖದಲ್ಲೇ ತುಳಿಯೋ ಮಾರಾಯ ಎಂದು ಹೇಳಿಯೇ ಕಳಿಸುತ್ತೇನೆ.

ಬೋಲ್ಟಿನ ಬಗ್ಗೆ ಹೇಳದಿದ್ದರೆ ಬರಹ ಅರೆಬರೆ. ಎರಡು ಬೋಲ್ಟಿನಲ್ಲಿ ಒಂದು ಸಡಿಲವಾಗಿ ಎಲ್ಲೋ ಉದುರಿಹೋಯಿತು ಎನ್ನಿ. ಕ್ಲೀಟು ಪೆಡಲನ್ನು ಕಚ್ಚಿಕೊಂಡೇ ಇರುತ್ತದೆ. ಹಿಮ್ಮಡಿ ತಿರುಗಿಸಿದರೆ ಉಳಿದ ಒಂದು ಬೋಲ್ಟಿನ ಸುತ್ತ ಶೂ ಮಾತ್ರ ತಿರುಗುತ್ತದೆ, ಕ್ಲೀಟು ಮಿಸುಕುವುದಿಲ್ಲ. ಎಷ್ಟು ತಿರುಗಿಸಿದರೂ ಪಾದ ಸೆರೆಯಲ್ಲೇ. ನಮ್ಮ ಬಳಗದ ಒಬ್ಬರಿಗೆ ಅಗರದ ಹತ್ತಿರ ಹೀಗಾದಾಗ, ಇನ್ನೊಂದು ಕಾಲು ಊರಿ ನಿಂತು, ಶೂ ಬಿಚ್ಚಿ ಪಾದವನ್ನಷ್ಟೇ ಹೊರತೆಗೆದರು. ಶೂ ಪೆಡಲಿಗೆ ನೇತಾಡುತ್ತ ಉಳಿಯಿತು. ಅವರ ಎದೆ ಗಟ್ಟಿ. ಹೊಸ ಕ್ಲೀಟು ಹಾಕುವಾಗ ಬೋಲ್ಟಿನ ಥ್ರೆಡ್ಡಿಗೆ ಚೂರು ಗ್ರೀಸ್ ಸವರಿ, 4 ಮಿಲಿಮೀಟರ್ ಅಲೆನ್ ಕೀಯಿಂದ 5ರಿಂದ 6 ನ್ಯೂಟನ್ ಮೀಟರ್ ಬಿಗಿಸಬೇಕು. ಮೊದಲ ಕೆಲವು ಸವಾರಿಯಾದ ಮೇಲೆ ಮತ್ತೊಮ್ಮೆ ಬಿಗಿಸಬೇಕು, ಕ್ಲೀಟು ಅಟ್ಟೆಯೊಳಗೆ ಕೂತ ಹಾಗೆ ಬೋಲ್ಟು ಸಡಿಲಾಗುತ್ತದೆ. ಗ್ರೀಸ್ ಇಲ್ಲದಿದ್ದರೆ ಮಳೆಗೂ ಬೆವರಿಗೂ ತುಕ್ಕು ಹಿಡಿದು ಮುಂದೆ ಬಿಚ್ಚಲು ಡ್ರಿಲ್ ಬೇಕಾಗುತ್ತದೆ. ಪೆಡಲು ಬದಲಿಸುವವರಿಗೂ ಒಂದು ಮಾತು: ಎಡ ಪೆಡಲಿನ ಥ್ರೆಡ್ಡು ತಿರುವುಮುರುವು. ಎಡ ಬಲ ತಲೆಕೆಡಿಸಿಕೊಳ್ಳುವ ಬದಲು, ಸ್ಪ್ಯಾನರಿನ ಹಿಡಿ ಮೇಲಕ್ಕಿರುವಾಗ ಮುಂಚಕ್ರದ ಕಡೆ ತಳ್ಳಿದರೆ ಎರಡೂ ಬಿಗಿಯುತ್ತವೆ, ಹಿಂಚಕ್ರದ ಕಡೆ ಎಳೆದರೆ ಎರಡೂ ಬಿಚ್ಚುತ್ತವೆ ಎಂದು ನೆನಪಿಟ್ಟುಕೊಳ್ಳಿ.

ಕ್ಲೀಟಿನ ಕೋನ ಮಂಡಿಯ ವಿಷಯ. ಎತ್ತರದ ಮೇಜಿನ ಅಂಚಿಗೆ ಕೂತು ಕಾಲು ಇಳಿಬಿಟ್ಟರೆ ಪಾದ ತನ್ನಿಷ್ಟದಂತೆ ತೂಗುತ್ತದೆ. ಕೆಲವರದು ಹೊರಮುಖ, ಕೆಲವರದು ನೇರ. ಎರಡು ಪಾದವೂ ಒಂದೇ ಥರ ಇರಬೇಕೆಂದಿಲ್ಲ. ಕ್ಲೀಟು ಆ ಕೋನಕ್ಕೇ ಕೂರಲಿ. ಉದ್ದದಲ್ಲಿ, ಪೆಡಲಿನ ಅಕ್ಷ ಹೆಬ್ಬೆರಳಿನ ಬುಡದ ಗೆಣ್ಣಿನ ಕೆಳಗೋ ಒಂಚೂರು ಹಿಂದಕ್ಕೋ ಬರಲಿ. ಒಂದೆರಡು ವಾರದಲ್ಲಿ ಮಂಡಿಯ ಪಕ್ಕ ನೋವು ಶುರುವಾದರೆ ಮುಲಾಮು ಹುಡುಕುವ ಮೊದಲು ಅಲೆನ್ ಕೀ ಹುಡುಕಿ.

ಒಂದು ವರ್ಷ ಮಳೆ ಮುಗಿದ ಮೇಲೆ ನನ್ನ ಶೂನ ಅಟ್ಟೆ ಬಾಯಿಬಿಟ್ಟಿತು. ಬಸ್ ಸ್ಟ್ಯಾಂಡಿನ ಹತ್ತಿರ ಕೂರುವ ಚಪ್ಪಲಿ ರಿಪೇರಿಯವರ ಬಳಿ ಒಯ್ದೆ. ಅವರು ತಿರುವಿ ನೋಡಿ, ಸೂಜಿ ಚುಚ್ಚಿ ನೋಡಿ, “ಒಳಗೆ ತಗಡು ಇದೆ ಸಾರ್, ಹೊಲಿಗೆ ಹೋಗಲ್ಲ, ಅಂಟು ಹಾಕಿ ಒತ್ತಿ ಇಡ್ತೀನಿ, ನಾಳೆ ಬನ್ನಿ” ಎಂದರು. ಆಮೇಲೆ ಎರಡನ್ನೂ ಪಕ್ಕಪಕ್ಕ ಹಿಡಿದರು. ಎಡ ಶೂನ ಹಿಮ್ಮಡಿಯೂ ಹೊರ ಅಂಚೂ ಸವೆದು ನುಣ್ಣಗಾಗಿದ್ದವು, ಬಲದ್ದು ಹೊಸದರಂತೆಯೇ ಇತ್ತು. “ಎಡಗಾಲು ಎಳೀತೀರಾ ಸಾರ್? ಡಾಕ್ಟರಿಗೆ ತೋರಿಸಿದ್ರಾ?” ಎಂದು ಕೇಳಿದರು. ಸಿಗ್ನಲ್ಲುಗಳ ಕತೆ ಹೇಳಿದೆ. ಅರ್ಧ ನಂಬಿದಂತೆ ಕಂಡಿತು. ಎಡದ್ದಕ್ಕೆ ಟೈರಿನ ರಬ್ಬರಿನ ತುಂಡು ಕೊಯ್ದು ಹಿಮ್ಮಡಿಗೆ ಹಾಕಿಕೊಟ್ಟರು, ಒಂದಕ್ಕೆ ಹಾಕಿದರೆ ಕುಂಟುವಂತಾದೀತೆಂದು ಇನ್ನೊಂದಕ್ಕೂ ತೆಳ್ಳಗೆ ಒಂದು ಅಂಟಿಸಿದರು. ಅಟ್ಟೆಯನ್ನು ಎಡ ಬಲ ಅದಲುಬದಲು ಮಾಡಲಾಗದು. ಎಸ್‌ಪಿಡಿ ಕ್ಲೀಟಿಗೆ ಎಡ ಬಲದ ಭೇದವಿಲ್ಲದ್ದರಿಂದ ಅದನ್ನು ಮಾಡಬಹುದು. ಈಗ ಪ್ರತಿವರ್ಷ ಮೇ ತಿಂಗಳಲ್ಲಿ, ಮಳೆಗೆ ಮುಂಚೆ, ಅಟ್ಟೆಯ ಮೇಲೆ ಮಾರ್ಕರಿನಿಂದ ಗುರುತು ಹಾಕಿಕೊಂಡು ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ ಗ್ರೀಸ್ ಸವರಿ ಬಿಗಿಯುತ್ತೇನೆ.